ಆ ಖಾಲಿ ಜಾಗ ಹಾಗೇ ಇರಲಿ

ಹುಬ್ಬಳ್ಳಿಯಲ್ಲಿ ಲೋಗೋ, ಬೋರ್ಡು ಮಾಡುವ ಯಾರನ್ನೇ ಕೇಳಿ, ಗಿರಾಕಿಯ ಈ ಮಾತು ಅವರಿಗೆ ಬಾಯಿಪಾಠ: "ಇಲ್ಲೆ ಜಾಗಾ ಖಾಲಿ ಉಳದೈತ್ರಿ, ಏನರ ಹಾಕ್ರಿ." ನಾವೂ ಹಾಕುತ್ತೇವೆ. ದೇವರ ಚಿತ್ರ, ಫೋನ್ ನಂಬರು, ನಾಲ್ಕು ಬಣ್ಣ, ಅಕ್ಷರದ ಹಿಂದೆ ನೆರಳು. ಕೊನೆಗೆ ಅಂಗಡಿಯ ಹೆಸರೇ ಹುಡುಕಬೇಕು. ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ, ಎಷ್ಟು ಬೋರ್ಡು ನೆನಪಿನಲ್ಲಿ ಉಳಿಯುತ್ತವೆ?

ಆ ಖಾಲಿ ಜಾಗಕ್ಕೂ ಕೆಲಸ ಕೊಡಬಹುದು ಎನ್ನುವುದೇ ನನ್ನ ವಾದ.

ಕೊರಿಯರ್ ಕಂಪನಿ ಫೆಡೆಕ್ಸ್‌ನ ಲೋಗೋ ನೋಡಿದ್ದೀರಲ್ವಾ? ಕೊನೆಯ ಎರಡು ಅಕ್ಷರ, ‘ಇ’ ಮತ್ತು ‘ಎಕ್ಸ್’ ನಡುವೆ ಒಂದು ಬಿಳಿ ಬಾಣ ಇದೆ. 1994ರಲ್ಲಿ ಲ್ಯಾಂಡರ್ ಎಂಬ ಡಿಸೈನ್ ಸಂಸ್ಥೆಯ ಲಿಂಡನ್ ಲೀಡರ್ ಮಾಡಿದ್ದು. ಬಾಣ ಎಂದು ಪ್ರತ್ಯೇಕವಾಗಿ ಏನೂ ಬರೆದಿಲ್ಲ. ಯೂನಿವರ್ಸ್, ಫ್ಯೂಚುರಾ ಎಂಬ ಎರಡು ಫಾಂಟುಗಳ ಗುಣ ಬೆರೆಸಿ, ಅಕ್ಷರಗಳನ್ನು ತಿದ್ದಿ ತಿದ್ದಿ, ನಡುವಿನ ಸಂದು ತಾನೇ ಬಾಣವಾಗುವ ಹಾಗೆ ಕೂಡಿಸಿದರು. ಅದನ್ನು ಇನ್ನೂ ಎದ್ದು ಕಾಣುವಂತೆ ಮಾಡಿ ಎಂಬ ಒತ್ತಾಯ ಬಂದಾಗ ಅವರು ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದರು. ತಾನೇ ಕಂಡುಕೊಂಡವನು ಆ ಬಾಣವನ್ನು ಮರೆಯುವುದಿಲ್ಲ, ಪಕ್ಕದವನಿಗೂ ತೋರಿಸುತ್ತಾನೆ.

ವನ್ಯಜೀವಿ ಉಳಿಸುವ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಲೋಗೋ ಇದಕ್ಕಿಂತ ಹಳೆಯದು, ಮೊದಲು ಬಂದದ್ದು 1961ರಲ್ಲಿ. ಅದರ ಈಗಿನ ರೂಪದಲ್ಲಿ ನೆತ್ತಿಗೆ, ಬೆನ್ನಿಗೆ ಗೆರೆಯೇ ಇಲ್ಲ. ಕಪ್ಪು ಕಿವಿ, ಕಣ್ಣು, ಕಾಲು ಇಷ್ಟೇ. ಉಳಿದ ಪಾಂಡಾವನ್ನು ನಮ್ಮ ಕಣ್ಣೇ ಪೂರ್ತಿ ಮಾಡಿಕೊಳ್ಳುತ್ತದೆ. ಕಪ್ಪು ಬಿಳುಪಿನ ಪ್ರಾಣಿ ಆರಿಸಿದರೆ ಅಚ್ಚಿನ ಖರ್ಚು ಉಳಿಯುತ್ತದೆ ಎಂಬ ಲೆಕ್ಕವೂ ಇತ್ತಂತೆ. ಪ್ರೆಸ್ಸಿನ ಕೆಲಸ ಗೊತ್ತಿದ್ದವರಿಗೆ ಈ ಮಾತು ಹಿಡಿಸುತ್ತದೆ.

ಇದೆಲ್ಲ ಹೊರಗಿನವರ ಜಾಣತನ ಅಂದುಕೊಳ್ಳಬೇಡಿ. ಧಾರವಾಡದ ಕಸೂತಿ ನೋಡಿ. ಗವಂತಿ, ಮುರಗಿ ಹೊಲಿಗೆಯಲ್ಲಿ ಗೋಪುರದ ಗೆರೆಗಳಷ್ಟೇ ದಾರದವು. ಒಳಗಿನ ಗೋಡೆ, ಮೆಟ್ಟಿಲು ಎಲ್ಲ ಸೀರೆಯ ಬಟ್ಟೆಯೇ. ಮೊದಲು ಚಿತ್ರ ಬರೆದುಕೊಳ್ಳುವುದೂ ಇಲ್ಲ, ಬಟ್ಟೆಯ ಎಳೆ ಎಣಿಸುತ್ತ ಹೋಗುತ್ತಾರೆ. ಎಲ್ಲಿ ಹೊಲಿಯಬೇಕು ಎನ್ನುವಷ್ಟೇ ಖಚಿತವಾಗಿ, ಎಷ್ಟು ಎಳೆ ಬಿಡಬೇಕು ಎನ್ನುವುದೂ ಆ ಹೆಣ್ಣುಮಕ್ಕಳಿಗೆ ಗೊತ್ತು. ನಮ್ಮ ಡಿಸೈನ್ ಹುಡುಗರು ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಕಸೂತಿ ಸೀರೆಯ ಸೆರಗನ್ನು ಹತ್ತಿರದಿಂದ ನೋಡಬೇಕು.

ಇನ್ನು ಕನ್ನಡ ಅಕ್ಷರ. ನನಗೆ ಜಾಸ್ತಿ ಆಸೆ ಇರುವುದು ಇಲ್ಲೇ. ದುಂಡನೆ ಹೊಟ್ಟೆ, ತಲೆಕಟ್ಟು, ಒತ್ತು, ಸುತ್ತ ಎಷ್ಟೊಂದು ಸಂದು! ಇಂಗ್ಲಿಷಿನಲ್ಲಿ ಇಲ್ಲದ ಸೌಕರ್ಯ ಇದು. ‘ಬ್ಯಾಡಗಿ’ ಎಂದು ಬರೆದು ನೋಡಿ. ‘ಯ’ ಒತ್ತು ಕೆಳಗಿಂದ ಬಳುಕಿ ಬಲಕ್ಕೆ ಏರುತ್ತದೆ. ಅದಕ್ಕೂ ಅಕ್ಷರಕ್ಕೂ ನಡುವೆ ಬಾಗಿದ ಒಂದು ಸಂದು ಉಳಿಯುತ್ತದೆ. ಅದರ ತುದಿ ಸ್ವಲ್ಪ ಚೂಪು ಮಾಡಿದರೆ ಮೆಣಸಿನಕಾಯಿ ಸಿಕ್ಕಿತು. ಬ್ಯಾಡಗಿಯ ವ್ಯಾಪಾರಿಗೆ ಕೆಂಪು ಮೆಣಸಿನಕಾಯಿ ರಾಶಿಯ ಫೋಟೋ ಯಾಕೆ ಬೇಕು? ಆದರೂ ನಾವು ಇಂಗ್ಲಿಷಿನ ಮೊದಲಕ್ಷರ ಎತ್ತಿಕೊಂಡು ಸುತ್ತ ಒಂದು ವೃತ್ತ ಎಳೆದು ಕೊಡುತ್ತೇವೆ. ಬೇಜಾರಾಗುತ್ತದೆ.

ಹಾಗಂತ ಎಲ್ಲ ಹೆಸರಿಗೂ ಈ ಚಮತ್ಕಾರ ಒಗ್ಗುವುದಿಲ್ಲ. ಹೆಸರು ಓದಲು ತಡವರಿಸುವಂತಾದರೆ ಆ ಉಪಾಯ ಬಿಟ್ಟುಬಿಡಿ. ಬಾಣ ಕಾಣದವನೂ ಫೆಡೆಕ್ಸ್ ಎಂದು ಸಲೀಸಾಗಿ ಓದುತ್ತಾನೆ. ಇನ್ನೊಂದು, ಸ್ಕ್ರೀನಿನ ಮೇಲೆ ಚಂದ ಕಂಡ ಸಂದು ರಬ್ಬರ್ ಸ್ಟ್ಯಾಂಪಿನಲ್ಲಿ ಉಳಿಯಬೇಕಲ್ಲ. ಗೋಣಿಚೀಲದ ಮೇಲೆ ಬಣ್ಣ ಹರಡಿ ಸಣ್ಣ ಸಂದು ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಒಂದೇ ಬಣ್ಣದಲ್ಲಿ, ಉಗುರಿನಷ್ಟು ಚಿಕ್ಕದಾಗಿ ಅಚ್ಚು ಹಾಕಿ ನೋಡಿ. ಮುಚ್ಚಿಕೊಂಡರೆ ಸಂದನ್ನು ಅಗಲ ಮಾಡಿ.

ಗಿರಾಕಿಗೆ ತೋರಿಸುವಾಗ ಮೊದಲೇ ವಿವರಿಸಲು ಹೋಗಬೇಡಿ. ಆ ಚಿಕ್ಕ ಅಚ್ಚನ್ನೇ ಕೈಗೆ ಕೊಟ್ಟು ಸುಮ್ನೆ ಕೂತಿರಿ. "ಅರೆ, ಇಲ್ಲೆ ಮೆಣಸಿನಕಾಯಿ ಐತಲ್ರೀ!" ಎಂದು ಅವರೇ ಹೇಳಿದರೆ, ಅಲ್ಲಿ ಇನ್ನೇನಾದರೂ ಹಾಕಿ ಎಂದು ಮತ್ತೆ ಕೇಳುವುದಿಲ್ಲ.