ನಾಯಿಗೆ ಏನು ಹಾಕ್ಬೇಕು ಅನ್ನೋದನ್ನ ನಾಯೀನ ನೋಡ್ದೆ ತೀರ್ಮಾನ ಮಾಡ್ಬೇಡಿ

ನಿನ್ನೆ ಸಂಜೆ ನಮ್ಮ ರಂಗನಿಗೆ ಬೆಲ್ಟ್ ತಗೊಳ್ಳೋಣ ಅಂತ ಪೆಟ್ ಶಾಪ್‌ಗೆ ಹೋಗಿದ್ದೆ. ಅಲ್ಲಿ ನೋಡಿದ್ದು ಇನ್ನೂ ತಲೇಲಿ ಕೊರೀತಾನೇ ಇದೆ, ಬರೆದು ಮುಗಿಸೋವರ್ಗೂ ನಂಗೆ ಸಮಾಧಾನ ಆಗಲ್ಲ.

ಗಂಡ ಹೆಂಡ್ತಿ ಒಂದು ಲ್ಯಾಬ್ರಡಾರ್ ಮರಿ ಕರ್ಕೊಂಡು ಬಂದಿದ್ರು. ಮೂರು ತಿಂಗಳಿನ ಆಸುಪಾಸು ಇರ್ಬೇಕು, ಮುದ್ದಾದ ಮರಿ, ಆದ್ರೆ ನಿಂತ್ರೆ ಮುಂಗಾಲು ಎರಡೂ ಹೊರಗಡೆಗೆ ವಾಲ್ತಿತ್ತು, ಪಾದ ಚಪ್ಪಟೆಯಾಗಿ ಹರಡ್ಕೊಂಡಿತ್ತು. "ಯಾವ ಫುಡ್ ಒಳ್ಳೇದಪ್ಪ?" ಅಂದ್ರು ಆಕೆ. ಅಂಗಡಿ ಹುಡುಗ ಒಂದು ದೊಡ್ಡ ಚೀಲ ಎಳೆದು "ಆಂಟಿ, ಇದು ಗ್ರೇನ್ ಫ್ರೀ, ಧಾನ್ಯಾನೇ ಇಲ್ಲ, ಪ್ರೀಮಿಯಂ, ಈಗ ಎಲ್ರೂ ಇದನ್ನೇ ತಗೊಳ್ತಿರೋದು" ಅಂದ. ಯಜಮಾನ್ರು "ರೇಟ್ ಜಾಸ್ತಿ ಆದ್ರೂ ಪರ್ವಾಗಿಲ್ಲ ಕೊಡಪ್ಪ, ನಮ್ಗೆ ಮಗು ಇದ್ದಂಗೆ" ಅಂದ್ರು. ಚೀಲದ ಜೊತೆಗೆ ಒಂದು ಕ್ಯಾಲ್ಸಿಯಂ ಸಿರಪ್, ದಿನಾ ಎರಡು ಸ್ಪೂನ್ ಹಾಕಿ ಕಾಲು ನೆಟ್ಟಗಾಗುತ್ತೆ ಅಂತ. ಬಿಲ್ ಆಯ್ತು. ಮರಿ ತೂಕ ಎಷ್ಟು, ವಯಸ್ಸೆಷ್ಟು, ಇಷ್ಟು ದಿನ ಏನು ತಿಂತಿತ್ತು, ಒಂದೇ ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ. ನಾನೇ ಬಾಯಿ ಬಿಟ್ಟು "ಮೇಡಂ, ಮೊದ್ಲು ಡಾಕ್ಟ್ರಿಗೆ ಕಾಲು ತೋರ್ಸಿ, ಸಿರಪ್ ಆಮೇಲೆ ನೋಡೋಣ" ಅಂದೆ. "ಇಲ್ಲಮ್ಮ, ಮರಿ ಕೊಟ್ಟೋರೇ ಹೇಳಿದಾರೆ ಕ್ಯಾಲ್ಸಿಯಂ ಹಾಕ್ಲೇಬೇಕು ಅಂತ" ಅಂದ್ರು. ಪಾಪ, ಅವ್ರಿಗೆ ಪ್ರೀತಿ ಇಲ್ಲ ಅಂತ ಅಲ್ಲ, ಪ್ರೀತಿ ಜಾಸ್ತೀನೇ ಇದೆ. ಅದಕ್ಕೇ ನಂಗೆ ಹೊಟ್ಟೆ ಉರಿಯೋದು.

ಈ ಕ್ಯಾಲ್ಸಿಯಂ ವಿಷ್ಯ ಒಂಚೂರು ಬಿಡಿಸಿ ಹೇಳ್ಬೇಕು. ಪೂರ್ತಿ ಬೆಳೆದ ನಾಯಿಗೆ ಕ್ಯಾಲ್ಸಿಯಂ ಜಾಸ್ತಿ ಆದ್ರೆ ಕರುಳು ಹೀರಿಕೊಳ್ಳೋದನ್ನ ಕಮ್ಮಿ ಮಾಡ್ಕೊಳ್ಳುತ್ತೆ. ಸಣ್ಣ ಮರಿಗಳಿಗೆ ಆ ಹಿಡಿತ ಇನ್ನೂ ಬಂದಿರಲ್ಲ, ಹಾಕಿದಷ್ಟೂ ಒಳಗೆ ಹೋಗುತ್ತೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲೇ ಗ್ರೇಟ್ ಡೇನ್ ಮರಿಗಳ ಮೇಲೆ ಇದನ್ನ ನೋಡಿದಾರೆ, ಕ್ಯಾಲ್ಸಿಯಂ ಜಾಸ್ತಿ ತಿಂದ ಮರಿಗಳ ಮೂಳೆ ಬೆಳವಣಿಗೆಯೇ ಕೆಟ್ಟಿತ್ತು. ಲ್ಯಾಬ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಥರ ಬೇಗ ಬೆಳೆಯೋ ದೊಡ್ಡ ಜಾತಿ ಮರಿಗಳಿಗೆ ಅದಕ್ಕೇ ಬೇರೆ ಲಾರ್ಜ್ ಬ್ರೀಡ್ ಪಪ್ಪಿ ಫುಡ್ ಇರೋದು, ಅದ್ರಲ್ಲಿ ಕ್ಯಾಲ್ಸಿಯಂ ಲೆಕ್ಕ ಹಾಕಿಯೇ ಹಾಕಿರ್ತಾರೆ. ಅದ್ರ ಮೇಲೆ ಸಿರಪ್ ಸುರಿದ್ರೆ ಆ ಲೆಕ್ಕವೆಲ್ಲಾ ಮಣ್ಣುಪಾಲು. ಇನ್ನೊಂದ್ ಕಡೆ ಬರೀ ಬೇಯಿಸಿದ ಚಿಕನ್ ಹಾಕಿ ಬೆಳೆಸೋರು ಇದಾರೆ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇರೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಫಾಸ್ಫರಸ್ ಮಾತ್ರ ಅದರ ಹತ್ತು ಪಟ್ಟಿಗೂ ಜಾಸ್ತಿ. ನಾಯಿಗೆ ಬೇಕಾಗಿರೋದು ಉಲ್ಟಾ, ಕ್ಯಾಲ್ಸಿಯಂ ಕನಿಷ್ಠ ಫಾಸ್ಫರಸ್‌ನಷ್ಟಾದ್ರೂ ಇರ್ಬೇಕು, ಎರಡು ಪಟ್ಟು ದಾಟಬಾರ್ದು. ಕಮ್ಮಿ ಆದ್ರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ಕೊಳ್ಳುತ್ತೆ, ಕಾಲು ಬಾಗುತ್ತೆ. ಅಂದ್ರೆ ಕಾಲು ಬಾಗಿದೆ ಅಂದ ತಕ್ಷಣ ಕ್ಯಾಲ್ಸಿಯಂ ಕಮ್ಮೀನೂ ಆಗಿರ್ಬೋದು, ಜಾಸ್ತೀನೂ ಆಗಿರ್ಬೋದು, ಬೇರೇನೋ ಕಾರಣವೂ ಇರ್ಬೋದು. ಕೌಂಟರ್ ಹಿಂದೆ ನಿಂತು ಅದು ಹೇಗ್ರೀ ಗೊತ್ತಾಗುತ್ತೆ? ಮರಿ ಕಡೆ ಬಗ್ಗಿಯೂ ನೋಡ್ಲಿಲ್ಲ ಆ ಹುಡುಗ.

ನಂಗೆ ಸಿಟ್ಟು ಬರೋದು ಇದಕ್ಕೇ. ನಾಯಿ ಊಟದ ವಿಷ್ಯದಲ್ಲಿ ಎಲ್ರೂ ನೋಡೋದು ತಮ್ಮನ್ನ, ನಾಯೀನ ಅಲ್ಲ. ದುಡ್ಡಿರೋರು ರೇಟ್ ನೋಡ್ತಾರೆ. ಮೊಟ್ಟೆ ಮನೆಯೊಳಗೆ ಬರಲ್ಲ ಅನ್ನೋರು ಮೊಸರನ್ನ ಹಾಕ್ತಾರೆ. ನಾಯಿ ಅಂದ್ರೆ ತೋಳ ಕಣ್ರೀ ಅನ್ನೋರು ಹಸಿ ಮಾಂಸ ಹಾಕ್ತಾರೆ, ಅದ್ರ ಜೊತೆ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮನೆಯೊಳಗೆ ಬರ್ಬೋದು ಅಂದ್ರೆ ನಗ್ತಾರೆ. ನಾಯಿ ತೋಳ ಅಲ್ಲ. ಸ್ವೀಡನ್‌ನ ವಿಜ್ಞಾನಿಗಳು 2013ರಲ್ಲೇ ತೋರಿಸಿಕೊಟ್ಟಿದಾರೆ, ಪಿಷ್ಟ ಜೀರ್ಣ ಮಾಡೋ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯೀಲಿ ತುಂಬಾ ಜಾಸ್ತಿ ಅಂತ. ಮನುಷ್ಯರ ಜೊತೆ ಸಾವಿರಾರು ವರ್ಷ ಇದ್ದು ನಮ್ಮ ಧಾನ್ಯಕ್ಕೆ ಒಗ್ಗಿಕೊಂಡಿರೋ ಪ್ರಾಣಿ ಅದು. ಹಾಗಿದ್ಮೇಲೆ ಈ ಗ್ರೇನ್ ಫ್ರೀ ಯಾಕೆ ಹೇಳಿ? ಅಲರ್ಜಿ ಅಂತೀರಾ, ನಾಯಿಗಳಲ್ಲಿ ಆಹಾರದ ಅಲರ್ಜಿ ಜಾಸ್ತಿ ಬರೋದೇ ದನದ ಮಾಂಸ, ಹಾಲು, ಚಿಕನ್‌ನಿಂದ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ, ಧಾನ್ಯ ಇಲ್ದೆ ಬಟಾಣಿ, ಬೇಳೆಕಾಳು ತುಂಬಿದ ಫುಡ್ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗೋ ಕಾಯಿಲೆ ಕಾಣಿಸ್ತಿದೆ ಅಂತ ತನಿಖೆ ಶುರು ಮಾಡ್ತು. ಕಾರಣ ಅದೇ ಅಂತ ಇವತ್ತಿಗೂ ಸಾಬೀತಾಗಿಲ್ಲ, ಸರಿ. ಆದ್ರೆ ಉಪಯೋಗ ಇಲ್ದಿರೋ ಒಂದು ವಸ್ತುಗೆ ಜಾಸ್ತಿ ದುಡ್ಡು ಕೊಟ್ಟು ಅಷ್ಟು ರಿಸ್ಕ್ ಯಾಕೆ ತಗೋಬೇಕು?

ಇಷ್ಟೆಲ್ಲಾ ಹೇಳಿದ್ಮೇಲೆ ಯಾರಾದ್ರೂ ಬಂದು "ನಮ್ಮಜ್ಜಿ ಮನೆ ನಾಯಿ ಮುದ್ದೆ ಸಾರು ತಿಂದೇ ಗಟ್ಟಿಮುಟ್ಟಾಗಿತ್ತು" ಅಂತಾರೆ, ನಂಗೊತ್ತು. ನಂಗೂ ಮುದ್ದೆ ಮೇಲೆ ಗೌರವ ಇದೆ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲೇ ಅದು ದೊಡ್ಡದು. ಆದ್ರೆ ಪ್ರೋಟೀನ್ ಏಳು ಗ್ರಾಂ ಅಷ್ಟೇ, ಬೆಳೆಯೋ ಮರಿಗೆ ಅದು ಯಾತಕ್ಕೂ ಸಾಲಲ್ಲ. ಅಜ್ಜಿ ಮನೆ ನಾಯಿ ಬರೀ ಮುದ್ದೆ ತಿಂತಿರ್ಲಿಲ್ಲ, ಹೊಲದಲ್ಲಿ ಇಲಿ ಹಿಡೀತಿತ್ತು, ಬಾಡೂಟದ ದಿನ ಮೂಳೆ ಕರುಳು ಎಲ್ಲಾ ಅದಕ್ಕೇ ಸಿಗ್ತಿತ್ತು, ದಿನಾ ಮೈಲಿಗಟ್ಲೆ ಓಡ್ತಿತ್ತು. ಸತ್ತ ಮರಿಗಳ ಲೆಕ್ಕ ಯಾರೂ ಇಟ್ಟಿರ್ಲಿಲ್ಲ. ನಿಮ್ಮ ನಾಯಿ ಮೂರನೇ ಮಹಡಿ ಫ್ಲಾಟಲ್ಲಿ ಸೋಫಾ ಮೇಲೆ ಮಲ್ಗುತ್ತೆ, ನೀವು ಹಾಕಿದ್ದು ಬಿಟ್ರೆ ಅದಕ್ಕೆ ಬೇರೆ ಗತಿ ಇಲ್ಲ. ಆಮೇಲೆ ಆ ಸಾರು! ನಮ್ಮ ಸಾರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತೆ, ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ವೆ. ಕೇಸರಿಬಾತ್‌ನಲ್ಲಿರೋ ಒಣದ್ರಾಕ್ಷಿ ಕಿಡ್ನಿ ಕೆಡಿಸ್ಬೋದು. ಬಿರಿಯಾನಿಯ ಬೆಂದ ಮೂಳೆ ಸೀಳು ಸೀಳಾಗಿ ಒಡೆದು ಕರುಳಿಗೆ ಚುಚ್ಚುತ್ತೆ. ದಯವಿಟ್ಟು ಮಿಕ್ಕಿದ್ದನ್ನ ಹಾಕೋಕೆ ಮುಂಚೆ ಒಂದ್ ಸಲ ಯೋಚ್ನೆ ಮಾಡಿ.

ಹಾಗಂತ ಮನೆ ಊಟ ಬೇಡ, ಚೀಲವೇ ಬೇಕು ಅಂತ ನಾನು ಹೇಳ್ತಿಲ್ಲ. ರಂಗನಿಗೆ ಬೆಳಿಗ್ಗೆ ಚೀಲದ ಫುಡ್, ಸಂಜೆ ಅನ್ನ, ಬೇಯಿಸಿದ ಚಿಕನ್, ಕ್ಯಾರೆಟ್ಟು, ಕುಂಬಳಕಾಯಿ, ಉಪ್ಪಿಲ್ಲ ಒಗ್ಗರಣೆ ಇಲ್ಲ, ಜೊತೆಗೆ ಡಾಕ್ಟ್ರು ತೂಕ ನೋಡಿ ಬರೆದುಕೊಟ್ಟ ಸಪ್ಲಿಮೆಂಟು. 18 ಕೆಜಿ, ಮರಿ ಆಗದ ಹಾಗೆ ಆಪರೇಷನ್ ಆಗಿರೋ ಗಂಡು ನಾಯಿ, ದಿನಕ್ಕೆ ಹತ್ತಿರ ಹತ್ತಿರ ಸಾವಿರ ಕ್ಯಾಲರಿ ಸಾಕು ಅವನಿಗೆ. ಅಡುಗೆಮನೆ ತಕ್ಕಡೀಲಿ ತೂಗಿ ಹಾಕ್ತೀನಿ, ಬಿಸ್ಕತ್ತು ಗಿಸ್ಕತ್ತು ಏನೇ ಇದ್ರೂ ಆ ಸಾವಿರ ಕ್ಯಾಲರಿಯ ಹತ್ತನೇ ಒಂದು ಪಾಲಿನೊಳಗೆ. ನೋಡೋರಿಗೆ ಅತಿ ಅನ್ಸುತ್ತೆ, ಅನ್ಸಲಿ. 2002ರಲ್ಲಿ ಪ್ಯೂರಿನಾ ಅನ್ನೋ ನಾಯಿ ಫುಡ್ ಕಂಪನಿಯವ್ರ ಒಂದು ಅಧ್ಯಯನ ಬಂತು. 48 ಲ್ಯಾಬ್ರಡಾರ್‌ಗಳನ್ನ ಜೋಡಿ ಜೋಡಿ ಮಾಡಿ, ಒಂದಕ್ಕಿಂತ ಇನ್ನೊಂದಕ್ಕೆ ಕಾಲು ಭಾಗ ಕಮ್ಮಿ ಊಟ ಹಾಕಿ ಜೀವನಪೂರ್ತಿ ನೋಡಿದ್ರು. ಕಮ್ಮಿ ತಿಂದವು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದ್ವು, ಕೀಲುನೋವೂ ತಡವಾಗಿ ಬಂತು. ಎರಡು ವರ್ಷ ಅಂದ್ರೆ ನಾಯಿ ಆಯುಸ್ಸಲ್ಲಿ ಎಷ್ಟು ದೊಡ್ಡದು ಯೋಚ್ನೆ ಮಾಡಿ. ಆ ಎರಡು ವರ್ಷ ಬಂದಿದ್ದು ಯಾವ ಪ್ರೀಮಿಯಂ ಚೀಲದಿಂದಾನೂ ಅಲ್ಲ.

ಪಕ್ಕೆ ಮೇಲೆ ಅಂಗೈ ಇಟ್ಟು ನೋಡಿ. ಒತ್ತದೆ ಪಕ್ಕೆಲುಬು ಕೈಗೆ ಸಿಗ್ಬೇಕು, ನಿಮ್ಮ ಅಂಗೈ ಹಿಂಭಾಗ ಸವರಿದ್ರೆ ಮೂಳೆ ಸಿಗೋ ಹಾಗೆ. ಹುಡುಕ್ಬೇಕಾದ್ರೆ ತೂಕ ಜಾಸ್ತಿ ಆಗಿದೆ. ಮುಧೋಳ ನಾಯಿ ಸಾಕಿರೋರಿಗೆ ಮಾತ್ರ ಈ ಮಾತು ಬೇರೆ, ಅದು ಓಟದ ನಾಯಿ, ಅದರ ಮೈಕಟ್ಟೇ ಸಣಕಲು, ಪಕ್ಕೆ ಕಂಡ್ರೆ ಉಪವಾಸ ಕೆಡವಿದಾರೆ ಅಂತ ಅಕ್ಕಪಕ್ಕದೋರು ಅಂದ್ಕೊಂಡು ತಿನ್ಸೋಕೆ ಬರ್ತಾರೆ, ಬಿಡ್ಬೇಡಿ.

ಚೀಲ ತಗೊಳ್ಳೋರು ಮುಂದಿನ ಫೋಟೋ ಬಿಟ್ಟು ಹಿಂದೆ ತಿರುಗ್ಸಿ ಓದಿ. ಯಾವ ವಯಸ್ಸಿಗೆ ಅಂತ ಇದ್ಯಾ, ಕಂಪ್ಲೀಟ್ ಅಂತ ಇದ್ಯಾ, ಕಾಂಪ್ಲಿಮೆಂಟರಿ ಅಂತ ಇದ್ಯಾ ನೋಡಿ, ಕಾಂಪ್ಲಿಮೆಂಟರಿ ಆದ್ರೆ ಅದೊಂದನ್ನೇ ಹಾಕಿ ಸಾಕೋಕೆ ಆಗಲ್ಲ, ಕೆಲವು ಗ್ರೇವಿ ಪೌಚ್‌ಗಳು ಹೀಗೇ ಇರ್ತವೆ. ಪ್ರೋಟೀನ್ 8 ಪರ್ಸೆಂಟ್ ಅಂತ ಪೌಚ್ ನೋಡಿ ಹೆದರ್ಬೇಡಿ, ಅದ್ರಲ್ಲಿ 82 ಪರ್ಸೆಂಟ್ ನೀರೇ ಇದ್ರೆ ಮಿಕ್ಕ 18ರಲ್ಲಿ 8 ಅಂದ್ರೆ 44 ಪರ್ಸೆಂಟ್ ಆಯ್ತು. ಹೊಸ ಫುಡ್‌ಗೆ ಬದಲಾಯಿಸೋದಾದ್ರೆ ಒಂದು ವಾರ ಹಳೇದ್ರ ಜೊತೆ ಸ್ವಲ್ಪ ಸ್ವಲ್ಪ ಬೆರೆಸ್ತಾ ಹೋಗಿ, ಇಲ್ಲಾಂದ್ರೆ ಭೇದಿ ಗ್ಯಾರಂಟಿ. ಸಸ್ಯಾಹಾರಿ ಮನೆಯವ್ರೇ, ನಿಮ್ಮ ನಂಬಿಕೆ ಬಗ್ಗೆ ನಂಗೆ ತಕರಾರಿಲ್ಲ, ಸರಿಯಾಗಿ ತಯಾರಿಸಿದ ವೆಜ್ ಫುಡ್ ತಿಂದೂ ನಾಯಿ ಬದುಕುತ್ತೆ, ಆದ್ರೆ ಅದು ಮೊಸರನ್ನ ಅಲ್ಲ, ಡಾಕ್ಟ್ರನ್ನ ಕೇಳಿ ಮಾಡಿ.

ಇನ್‌ಬಾಕ್ಸಲ್ಲಿ ಬಂದು "ಯಾವ ಬ್ರ್ಯಾಂಡ್ ಬೆಸ್ಟ್ ಅಕ್ಕ" ಅಂತ ಕೇಳೋರಿಗೆ ಇನ್ಮೇಲೆ ನಾನು ಹೆಸ್ರು ಹೇಳಲ್ಲ. ನಾಯಿ ವಯಸ್ಸು, ತೂಕ, ಆಪರೇಷನ್ ಆಗಿದ್ಯಾ ಇಲ್ವಾ, ದಿನಕ್ಕೆ ಎಷ್ಟು ಹೊತ್ತು ಓಡಾಡುತ್ತೆ, ಈಗ ಏನು ತಿಂತಿದೆ, ಅಷ್ಟನ್ನ ಬರೆದು ಮೊದ್ಲು ನಿಮ್ಮ ಡಾಕ್ಟ್ರ ಹತ್ರ ತಗೊಂಡ್ಹೋಗಿ. ಬೆಂಗಳೂರಲ್ಲಿದ್ರೆ ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆ ಇದೆ. ನಿನ್ನೆ ಸಿಕ್ಕಿದ ಆ ದಂಪತಿ ಯಾರಿಗಾದ್ರೂ ಪರಿಚಯ ಇದ್ರೆ, ಸಿರಪ್ ನಿಲ್ಸಿ ಮರಿ ಕಾಲು ತೋರ್ಸೋಕೆ ಹೇಳಿ ದಯವಿಟ್ಟು.