"ಕೇಳಿಸ್ತಿದೆಯಾ?" ಅಂತ ಕೇಳಿದರೆ ಸಾಲದು

"ಎಲ್ಲರಿಗೂ ಕೇಳಿಸ್ತಿದೆಯಾ?" ಆನ್‌ಲೈನ್ ಕ್ಲಾಸ್ ಶುರುವಾಗುವುದೇ ಈ ಮಾತಿನಿಂದ. ನಾಲ್ಕು ಜನ "ಹೂಂ" ಅನ್ನುತ್ತಾರೆ, ಪಾಠ ಮುಂದೆ ಹೋಗುತ್ತದೆ. ನಾನೂ ತಿಂಗಳುಗಟ್ಟಲೆ ಹೀಗೇ ಮಾಡಿದೆ. ಒಂದು ದಿನ ನನ್ನದೇ ಕ್ಲಾಸಿನ ರೆಕಾರ್ಡಿಂಗ್ ಹಾಕಿಕೊಂಡು ಕೂತು ಪೂರ್ತಿ ಕೇಳಿದೆ. ತುಂಬಾ ಬೇಜಾರಾಯಿತು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ವಾಕ್ಯದ ಕೊನೆಯ ಪದಗಳು ಅರ್ಧಂಬರ್ಧ. ಮಕ್ಕಳು ಅಷ್ಟು ದಿನ ಇದನ್ನೇ ಕೇಳಿಸಿಕೊಂಡು ಸುಮ್ಮನೆ ಕೂತಿದ್ದರು.

ದನಿ ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ಮಾತು ಸರಿಯಾಗಿ ತಿಳಿಯದ ಮಗು ಕೈ ಎತ್ತಿ ಹೇಳುವುದಿಲ್ಲ. ತನಗೇ ಪಾಠ ಅರ್ಥವಾಗುತ್ತಿಲ್ಲ ಅಂದುಕೊಳ್ಳುತ್ತದೆ. ನನಗೆ ಜಾಸ್ತಿ ನೋವಾಗಿದ್ದು ಇದೇ.

ನನ್ನ ಮೊದಲ ತಪ್ಪು ದೂರದ್ದು. ಲ್ಯಾಪ್‌ಟಾಪ್ ಮೈಕ್‌ನಿಂದ ಒಂದು ಮೀಟರ್ ದೂರ ಕೂತು ಮಾತಾಡುತ್ತಿದ್ದೆ. ದೂರ ಎರಡು ಪಟ್ಟಾದರೆ ಬಾಯಿಂದ ನೇರ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆ ಬಾವಿಯ ದನಿ ಬಂದಿದ್ದು ಇಲ್ಲಿಂದ. ದುಬಾರಿ ಮೈಕ್ ಬೇಕಿಲ್ಲ. ಇರುವ ಮೈಕನ್ನೇ ಬಾಯಿಂದ ಒಂದು ಗೇಣು ದೂರಕ್ಕೆ ತನ್ನಿ, ಉಸಿರು ನೇರ ಬಡಿಯದಂತೆ ಸ್ವಲ್ಪ ಪಕ್ಕಕ್ಕಿಡಿ. ಕಿಟಕಿ ಪರದೆ, ಹಾಸಿಗೆ, ಪುಸ್ತಕದ ಕಪಾಟು ಇರುವ ಕೋಣೆ ಖಾಲಿ ಕೋಣೆಗಿಂತ ಎಷ್ಟೋ ವಾಸಿ.

ಎರಡನೆಯದು ಬ್ಲೂಟೂತ್. ಹಾಡು ಕೇಳುವಾಗ ಚೆನ್ನಾಗಿರುವ ಎಷ್ಟೋ ಇಯರ್‌ಬಡ್‌ಗಳು ಮೈಕ್ ಆನ್ ಆದ ಕೂಡಲೇ ಫೋನ್ ಕರೆಯ ಮೋಡ್‌ಗೆ ಇಳಿಯುತ್ತವೆ. ಹಳೆಯವುಗಳಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನ, ಅಂದರೆ ತೀರಾ ಕೀಚಲು, ಸದ್ದು ಹೋಗುವುದೇ ಇಲ್ಲ. 'ಸ'ಕಾರದ ಹೆಚ್ಚಿನ ಬಲ ಇರುವುದು ಅಲ್ಲೇ ಅಲ್ವಾ! ವೈರ್ ಇರುವ ಸಾದಾ ಇಯರ್‌ಫೋನ್‌ಗೆ ಬದಲಾಯಿಸಿದ ಮೇಲೆ ಅಕ್ಷರಗಳು ಬಿಡಿಬಿಡಿಯಾಗಿ ಕೇಳತೊಡಗಿದವು.

ಫ್ಯಾನ್ ಸದ್ದು ತೆಗೆಯುವ ನಾಯ್ಸ್ ಸಪ್ರೆಷನ್ ಕೆಲವೊಮ್ಮೆ ಮೆತ್ತಗಿನ ಪದಗಳನ್ನೂ ನುಂಗುತ್ತದೆ. ಸಂಗೀತ ಕಲಿಸುವವರಂತೂ ಅದನ್ನು ಆಫ್ ಮಾಡಲೇಬೇಕು. ಉದ್ದಕ್ಕೆ ಎಳೆದ ಸ್ವರವನ್ನು ಅದು ಗದ್ದಲ ಅಂದುಕೊಳ್ಳಬಹುದು. ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಇರುವುದು ಇದಕ್ಕೇ. ವಿಡಿಯೊ ತೋರಿಸುವವರು ಸ್ಕ್ರೀನ್ ಶೇರ್ ಮಾಡುವಾಗ 'ಶೇರ್ ಸೌಂಡ್' ಒತ್ತುವುದನ್ನು ಮರೆಯಬೇಡಿ.

ಇನ್ನು ಪ್ರತಿಧ್ವನಿ. ನಿಮ್ಮ ದನಿ ನಿಮಗೇ ಮರಳಿ ಕೇಳಿಸಿದರೆ ಸಾಮಾನ್ಯವಾಗಿ ತೊಂದರೆ ನಿಮ್ಮ ಕಡೆ ಇರುವುದಿಲ್ಲ. ಯಾರದೋ ಸ್ಪೀಕರ್‌ನಿಂದ ಬಂದ ನಿಮ್ಮ ಮಾತು ಅವರ ಮೈಕ್‌ಗೆ ಹೋಗುತ್ತಿರುತ್ತದೆ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿ ನೋಡಿ, ಯಾರ ಕಡೆಯದು ಅಂತ ಗೊತ್ತಾಗುತ್ತದೆ. ದಯವಿಟ್ಟು ಆ ಮಗುವನ್ನು ಗದರಬೇಡಿ. ಅದಕ್ಕೆ ಆ ಪ್ರತಿಧ್ವನಿ ಕೇಳಿಸುತ್ತಲೇ ಇರುವುದಿಲ್ಲ.

ಈಗ ನಾನು ಕ್ಲಾಸಿಗೆ ಹತ್ತು ನಿಮಿಷ ಮೊದಲೇ ಫೋನಿನಿಂದ ಇನ್ನೊಂದು ಹೆಸರಲ್ಲಿ ಸೇರಿ, ಅದರ ಮೈಕ್ ಮ್ಯೂಟ್ ಮಾಡಿ, ಅಲ್ಲೇ ರೆಕಾರ್ಡ್ ಮಾಡಿ ಕೇಳುತ್ತೇನೆ. "ಕೇಳಿಸ್ತಿದೆಯಾ?" ಅನ್ನುವುದನ್ನು ಬಿಟ್ಟಿದ್ದೇನೆ. ಅದರ ಬದಲು ಸಾಲು, ಶಾಲು, ಹಾಲು, ಪಾಲು ಇವುಗಳಲ್ಲಿ ಮೂರನ್ನು ಹಿಂದುಮುಂದಾಗಿ ಹೇಳಿ ಚಾಟ್‌ನಲ್ಲಿ ಬರೆಯಿರಿ ಅನ್ನುತ್ತೇನೆ. ಮೊದಲ ದಿನವೇ ಒಬ್ಬ ಹುಡುಗ ಮೂರನ್ನೂ 'ಹಾಲು' ಅಂತ ಬರೆದ. ವಿಚಾರಿಸಿದರೆ ಅವನ ಇಯರ್‌ಫೋನ್ ಪಿನ್ ಪೂರ್ತಿ ಒಳಗೆ ಕೂತಿರಲಿಲ್ಲ. ಒತ್ತಿ ಕೂರಿಸಿಕೊಂಡ. ಮತ್ತೆ ಹೇಳಿದೆ, ಮೂರೂ ಸರಿ ಬರೆದ. ಆಮೇಲೆ ಪಾಠ ಶುರು ಮಾಡಿದೆ.