ಬಚ್ಚಲಿನ ಬಾಡಿಗೆದಾರ
ಸರಸ್ವತಿಪುರಂನ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಅಂತ ಮೂಲೆಮೂಲೆ ಗುಡಿಸಿ ಬಲೆ ತೆಗೆದಿದ್ದೆ. ವಿಜಯದಶಮಿ ಬೆಳಗ್ಗೆ ನೋಡಿದರೆ ಬಾಗಿಲ ದೀಪದ ಪಕ್ಕ ಹೊಸ ಬಲೆ! ತಪ್ಪು ನಮ್ಮದೇ ಅನ್ನಿ. ರಾತ್ರಿಯಿಡೀ ದೀಪ ಉರಿಸುತ್ತೇವೆ, ಹುಳುಗಳು ಮುತ್ತುತ್ತವೆ, ಜೇಡಕ್ಕೆ ಕೂತಲ್ಲೇ ಊಟ.

ಬಲೆಯಾದರೂ ಪೊರಕೆಗೆ ಸಿಗುತ್ತದೆ. ಬಚ್ಚಲಿನಲ್ಲಿರುವ ಅಂಗೈ ಅಗಲದ ಜೇಡ ಬಲೆಯನ್ನೇ ಕಟ್ಟುವುದಿಲ್ಲ. ಗೋಡೆ ಮೇಲೆ ಓಡಾಡಿ ಜಿರಳೆ ಹಿಡಿಯುತ್ತದೆ. ಈಗ ಹೊಟ್ಟೆಯಡಿ ಚಪ್ಪಟೆ ಮೊಟ್ಟೆಚೀಲ ಬೇರೆ. ಒಡೆದರೆ ನೂರಾರು ಮರಿ! ಅಮ್ಮ ಮಾತ್ರ "ಸುಮ್ನೆ ಬಿಡೋ, ಜಿರಳೆ ಕಮ್ಮಿ ಆಗತ್ತೆ" ಅಂತಾರೆ. ಸರಿ, ಆದರೆ ಅಲ್ಲಿ ಸ್ನಾನ ಮಾಡೋದು ನಾನು ಅಲ್ವಾ? ಸದ್ಯಕ್ಕೆ ಬಕೆಟ್ಟನ್ನು ಬಾಗಿಲ ಹತ್ತಿರ ಎಳೆದುಕೊಂಡು, ಒಂದು ಕಣ್ಣು ಗೋಡೆ ಮೇಲಿಟ್ಟು ಮೈ ತೊಳೆಯುತ್ತಿದ್ದೇನೆ.